ತೂಕ ಇಳಿಸುವ ಶಸ್ತ್ರಕ್ರಿಯೆಯ ಅನಂತರ ಭಂಗಿಯ ವಿಶ್ರಾಂತಿ

ಸಂಘದ ಸ್ಮರಣ ಸಂಚಿಕೆಯ ಆರೋಗ್ಯ ಪುಟಗಳನ್ನು ಸಾಮಾನ್ಯವಾಗಿ ನಮ್ಮ ವೈದ್ಯಮಿತ್ರರು ತುಂಬಿಸಿಕೊಡುತ್ತಾರೆ. ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಇಪ್ಪತ್ತು ವರ್ಷ ಕಳೆದಿರುವ, ವಾಣಿಜ್ಯಶಾಸ್ತ್ರದ ಪದವಿಯನ್ನುಳಿದು ಬೇರೆ ವಿದ್ಯೆಯಿಲ್ಲದ ನನ್ನಂಥವನು ಇಲ್ಲಿ ಕೈಹಾಕುವುದು ಅಧಿಕಪ್ರಸಂಗವೆನಿಸೀತು. ಆದರೆ 2022ರಲ್ಲಿ ನಮ್ಮ ಕುಟುಂಬದಲ್ಲಿ ನಡೆದ ಒಂದು ಪ್ರಸಂಗ ನನ್ನನ್ನು ಅನೇಕ ತಿಂಗಳು ವೈದ್ಯಗ್ರಂಥಗಳನ್ನೂ ವೈದ್ಯರನ್ನೂ ಕಾಡುವಂತೆ ಮಾಡಿತು. ಹಾಗೆ ಸಂಗ್ರಹಿಸಿದ ತಿಳಿವಳಿಕೆಯನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದೇ, ಇಲ್ಲಿ ಬರೆದಿದ್ದೇನೆ. ಬರೆದುದನ್ನು ನಮ್ಮ ಸಂಘದ ವೈದ್ಯರೊಬ್ಬರು ಓದಿ ತಿದ್ದಿದ್ದಾರೆ. ಉಳಿದ ತಪ್ಪುಗಳು ನನ್ನವು.

ನನ್ನ ದೊಡ್ಡಮ್ಮನ ಮಗ, ನನಗಿಂತ ಎಂಟು ವರ್ಷ ಹಿರಿಯರು, ಡೊಂಬಿವಲಿಯಲ್ಲಿ ನೆಲಸಿ ಬಹುಕಾಲವಾಯಿತು. ಎತ್ತರ 168 ಸೆಂಟಿಮೀಟರು. ತೂಕ 128 ಕಿಲೋಗ್ರಾಮು. ಜೊತೆಗೆ ಸಕ್ಕರೆ ರೋಗ, ರಕ್ತದೊತ್ತಡ, ರಾತ್ರಿ ನಿದ್ರೆಯಲ್ಲಿ ಉಸಿರು ತಡೆತಡೆದು ಬರುವ ತೊಂದರೆ. ಕಿಲೋಗ್ರಾಮಿನಲ್ಲಿ ತೂಕವನ್ನು ಮೀಟರಿನಲ್ಲಿ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಯೇ ವೈದ್ಯರು ಹೇಳುವ ಬಿ.ಎಂ.ಐ. ಅಣ್ಣನದು 45ನ್ನು ದಾಟಿತ್ತು. ಏಷ್ಯದ ಜನರಿಗೆ ಈ ಅಂಕಿ 27.5 ಮುಟ್ಟಿದಾಗಲೇ ಶಸ್ತ್ರಕ್ರಿಯೆಯನ್ನು ಆಲೋಚಿಸಬಹುದೆಂದು 2022ರಲ್ಲಿ ಅಮೆರಿಕೆಯ ಹಾಗೂ ಅಂತರರಾಷ್ಟ್ರೀಯ ಶಸ್ತ್ರವೈದ್ಯರ ಸಂಘಗಳೆರಡೂ ಕೂಡಿ ಸೂಚನೆ ಹೊರಡಿಸಿವೆ. ಆದುದರಿಂದ ಅಣ್ಣನ ವಿಷಯದಲ್ಲಿ ವೈದ್ಯರು ಹೆಚ್ಚು ಚರ್ಚೆ ಮಾಡಲಿಲ್ಲ.

ಅವರಿಗೆ ಮಾಡಿದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ ಎಂಬ ಶಸ್ತ್ರಕ್ರಿಯೆ. ಜಠರದ ಹೊರಬಾಗಿನ ಉದ್ದಕ್ಕೂ ಸುಮಾರು ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆದು, ಅಂಗಿಯ ತೋಳಿನಂತಹ ಒಂದು ಕಿರಿದಾದ ಕೊಳವೆಯನ್ನಷ್ಟೇ ಉಳಿಸುತ್ತಾರೆ. ಉಂಡಾಗ ಒಂದು ಲೀಟರಿಗೂ ಮಿಕ್ಕಿ ಹಿಗ್ಗಬಲ್ಲ ಚೀಲ ಒಂದು ಸಣ್ಣ ಲೋಟದಷ್ಟಾಗುತ್ತದೆ. ಬೈಪಾಸ್ ಎಂಬ ಇನ್ನೊಂದು ವಿಧಾನದಲ್ಲಿ ಜಠರದ ಮೇಲ್ತುದಿಯಲ್ಲಿ ಪುಟ್ಟ ಚೀಲವೊಂದನ್ನು ಮಾಡಿ ಅದನ್ನು ಸಣ್ಣಕರುಳಿನ ಕೆಳಭಾಗಕ್ಕೆ ಜೋಡಿಸುತ್ತಾರೆ. ಗುಣ ಬರುವುದು ಚೀಲ ಚಿಕ್ಕದಾದುದರಿಂದ ಮಾತ್ರವಲ್ಲ. ಹಸಿವೆಯನ್ನು ಮಿದುಳಿಗೆ ಸಾರುವ ಗ್ರೆಲಿನ್ ಎಂಬ ರಸವನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಕಂಡುಹಿಡಿದರು. ಅದು ಬಹುಮಟ್ಟಿಗೆ ಹುಟ್ಟುವುದು ಸ್ಲೀವ್‌ನಲ್ಲಿ ಕತ್ತರಿಸಿ ತೆಗೆಯುವ ಭಾಗದಲ್ಲಿಯೇ. ಹೀಗಾಗಿ ಮೊದಲ ತಿಂಗಳುಗಳಲ್ಲಿ ರೋಗಿಗೆ ಹಸಿವೆಂಬುದೇ ಮರೆತಂತಾಗುತ್ತದೆ.

ಹಸಿವು ಮರೆಯಿತು, ದಣಿವು ಮರೆಯಲಿಲ್ಲ. ವಾಚಕರು ಈ ಮಾತನ್ನು ಲಕ್ಷ್ಯವಿಟ್ಟು ನೋಡಬೇಕೆಂದು ವಿನಂತಿ. ಬೆಳಿಗ್ಗೆ ಏಳರ ಲೋಕಲ್ ಗಾಡಿಯಲ್ಲಿ ನಿಂತೇ ಹೋಗಿ, ರಾತ್ರಿ ಎಂಟರ ಗಾಡಿಯಲ್ಲಿ ನಿಂತೇ ಬರುವ ನಮ್ಮಂಥವರಿಗೆ ವಿಶ್ರಾಂತಿಯೆಂದರೆ ಏನಿತ್ತು? ನಿಲ್ದಾಣದ ಹೊರಗೆ ಎರಡು ವಡಾಪಾವ್, ಮನೆಗೆ ಬಂದೊಡನೆ ಡಬ್ಬಿಯ ಚೂಡಾ, ಊಟದ ಮೇಲೊಂದು ಸಿಹಿ. ಊರಿನಲ್ಲಾದರೆ ಕಟ್ಟೆಯಿತ್ತು, ಕೆರೆಯ ದಂಡೆಯಿತ್ತು, ಕೆಲಸವಿಲ್ಲದೆ ಕೂತು ಮಾತನಾಡುವ ನಾಲ್ಕು ಜನರಿದ್ದರು. ಇಲ್ಲಿ ಅವೆಲ್ಲದರ ಬದಲಿಗೆ ತಿನ್ನುವುದೊಂದೇ ಉಳಿದಿತ್ತು. ಶಸ್ತ್ರವೈದ್ಯರು ಅದನ್ನೂ ತೆಗೆದುಕೊಂಡರು. ಅದಕ್ಕೆ ಬದಲಾಗಿ ಏನನ್ನಿಡಬೇಕೆಂದು ಯಾರೂ ಹೇಳಲಿಲ್ಲ. "ನೋಡಪಾ, ಹೊಟ್ಟಿ ಸಣ್ಣದಾತು, ದಣಿವು ಮಾತ್ರ ಇದ್ದಷ್ಟ ಅದ" ಎಂದು ಅಣ್ಣ ನಗುತ್ತ ಹೇಳಿದ್ದು ನನಗೆ ಈಗಲೂ ನೆನಪಿದೆ. ಆಗ ನಾನೂ ನಕ್ಕಿದ್ದೆ.

ಇದು ಒಬ್ಬರ ಅನುಭವವಲ್ಲ. ಅಮೆರಿಕೆಯಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಂಡವರನ್ನು ವರ್ಷಗಟ್ಟಲೆ ಅನುಸರಿಸಿ ನಡೆಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಮದ್ಯದ ಕೆಟ್ಟ ಚಟವುಳ್ಳವರ ಪ್ರಮಾಣ ಶಸ್ತ್ರಕ್ರಿಯೆಗೆ ಮುಂಚಿನ ವರ್ಷ ಶೇಕಡ 7.6 ಇದ್ದುದು, ಶಸ್ತ್ರಕ್ರಿಯೆಯ ಎರಡನೆಯ ವರ್ಷದಲ್ಲಿ ಶೇಕಡ 9.6ಕ್ಕೆ ಏರಿತ್ತು. ಬೈಪಾಸಿನ ಅನಂತರ ಮದ್ಯ ಬಲುಬೇಗ ರಕ್ತಕ್ಕೆ ಸೇರುವುದು ಇದಕ್ಕೆ ಒಂದು ಕಾರಣ. ನಮ್ಮ ಅಣ್ಣ ಮದ್ಯ ಮುಟ್ಟಿದವರಲ್ಲ. ಅವರ ದಾರಿ ಬೇರೆಯಾಯಿತು. ರಜೆಗೆ ಕಾಶಿಗೆ ಹೋಗಿ ಬಂದ ಪರಿಚಯಸ್ಥರೊಬ್ಬರು ಅಲ್ಲಿನ ಪರವಾನಗಿ ಅಂಗಡಿಯಿಂದ ಭಂಗಿಯ ಸಿಹಿಗುಳಿಗೆಗಳನ್ನು ತಂದಿದ್ದರು. "ಹೊಟ್ಟೆಗೆ ಭಾರವಿಲ್ಲ, ತೂಕ ಏರುವುದಿಲ್ಲ, ಶಿವನ ಪ್ರಸಾದ" ಎಂಬ ಶಿಫಾರಸಿನೊಡನೆ ಒಂದು ಪೊಟ್ಟಣ ಅಣ್ಣನ ಕೈಸೇರಿತು.

ಗಾಂಜಾ, ಭಂಗಿ, ಚರಸ್

ಮೂರೂ ಒಂದೇ ಗಿಡದವು. ಹೆಣ್ಣುಗಿಡದ ಹೂತುದಿ ಗಾಂಜಾ, ಅಂಟು ಚರಸ್, ಎಲೆ ಭಂಗಿ. ಅಮಲನ್ನು ತರುವ ಮುಖ್ಯ ದ್ರವ್ಯ ಮೂರರಲ್ಲಿಯೂ ಒಂದೇ: ಟಿ.ಎಚ್.ಸಿ. ಎಂದು ಕರೆಯುವ ಟೆಟ್ರಾಹೈಡ್ರೋಕೆನಾಬಿನಾಲ್. ಎಲೆಯಲ್ಲಿ ಕಡಮೆ, ಹೂವಿನಲ್ಲಿ ಹೆಚ್ಚು, ಅಂಟಿನಲ್ಲಿ ಇನ್ನೂ ಹೆಚ್ಚು. ಇದನ್ನು ಗಿಡದಿಂದ ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದವರು ಇಸ್ರೇಲಿನ ಗಾವೋನಿ ಮತ್ತು ಮೆಶೂಲಮ್, ವರ್ಷ 1964. ಈ ಹೊರಗಿನ ದ್ರವ್ಯಕ್ಕೆ ನಮ್ಮ ಮಿದುಳಿನಲ್ಲಿ ಮೊದಲೇ ಒಂದು ಬೀಗ ಸಿದ್ಧವಾಗಿರುವುದೇಕೆ ಎಂದು ಹುಡುಕುತ್ತ ಹೋದಾಗ, ನಮ್ಮ ದೇಹವೇ ತಯಾರಿಸಿಕೊಳ್ಳುವ ಅಂಥದೊಂದು ರಾಸಾಯನಿಕ 1992ರಲ್ಲಿ ಸಿಕ್ಕಿತು. ಅದಕ್ಕೆ ಅವರು ಇಟ್ಟ ಹೆಸರು ಆನಂದಮೈಡ್. ನಮ್ಮ "ಆನಂದ"ವೇ ಅದರ ಮೂಲ.

ಈ ಗಿಡದೊಡನೆ ನಮ್ಮ ನಾಡಿಗೆ ಇರುವ ಹಳೆಯ ನಂಟನ್ನು ನಾನು ಹಗುರವಾಗಿ ಕಾಣುವವನಲ್ಲ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಸನ್ನಿಧಿಯಲ್ಲಿ ಗಾಂಜಾವನ್ನು ಪ್ರಸಾದವೆಂದೇ ಸ್ವೀಕರಿಸುವವರಿದ್ದಾರೆ. ಬ್ರಿಟಿಷ್ ಸರಕಾರ 1893ರಲ್ಲಿ ನೇಮಿಸಿದ ಆಯೋಗವು ದೇಶವೆಲ್ಲ ವಿಚಾರಿಸಿ, ಮಿತವಾದ ಬಳಕೆಯಿಂದ ಸಾಮಾನ್ಯವಾಗಿ ದೊಡ್ಡ ಹಾನಿಯಿಲ್ಲವೆಂದೇ ವರದಿ ಮಾಡಿತ್ತು. ಆದರೆ ಆ ಆಯೋಗ ನೋಡಿದ್ದು ಇಡೀ ಜಠರವಿದ್ದ ಜನರನ್ನು. ಮುಕ್ಕಾಲು ಜಠರ ಇಲ್ಲದವರ ಪ್ರಶ್ನೆ ಬೇರೆ.

ಮೊದಲನೆಯದಾಗಿ ಹಸಿವು. ಭಂಗಿ ಕುಡಿದವನು ಹೋಳಿಯ ದಿನ ಜಿಲೇಬಿಯ ತಟ್ಟೆಯನ್ನು ಬಿಡದಿರುವುದನ್ನು ನೀವೆಲ್ಲ ಕಂಡಿದ್ದೀರಿ. ಅದು ಬರಿಯ ಹಾಸ್ಯದ ಮಾತಲ್ಲ. ಈ ದ್ರವ್ಯದ ಕೃತಕ ರೂಪವೊಂದನ್ನು ಅಮೆರಿಕೆಯ ಔಷಧಿ ಇಲಾಖೆ 1985ರಲ್ಲಿ ಕ್ಯಾನ್ಸರ್ ಔಷಧಿಯಿಂದ ಬರುವ ವಾಂತಿಗೆ ಒಪ್ಪಿಕೊಂಡಿತು. 1992ರಲ್ಲಿ ಏಡ್ಸ್ ರೋಗಿಗಳಿಗೆ ಊಟ ಸೇರುವಂತೆ ಮಾಡಲಿಕ್ಕೂ ಅನುಮತಿ ಕೊಟ್ಟಿತು. ಎಂದರೆ ಊಟ ಹೆಚ್ಚಿಸುವುದು ಇದರ ಔಷಧಗುಣವೇ. ಲಕ್ಷಗಟ್ಟಲೆ ರೂಪಾಯಿ ತೆತ್ತು ಹಸಿವೆಯ ಖಾತೆಯನ್ನು ಮುಚ್ಚಿಸಿದವನು ಅದೇ ಖಾತೆಗೆ ಹೊಸದಾಗಿ ಜಮೆ ಮಾಡಿದಂತೆ, ಎಂದು ನನ್ನ ವೃತ್ತಿಯ ಭಾಷೆಯಲ್ಲಿ ಹೇಳಬಹುದು.

ಈ ಬೀಗದ ಸಂಗತಿಯಲ್ಲಿ ಇನ್ನೊಂದು ಕಥೆಯಿದೆ. ಬೀಗ ತೆರೆದರೆ ಹಸಿವು ಹೆಚ್ಚುವುದಾದರೆ ಅದನ್ನು ಮುಚ್ಚಿಟ್ಟರೆ ತೂಕ ಇಳಿಯಬೇಕಲ್ಲವೆ? ಹಾಗೆಂದೇ ರಿಮೋನಬಂಟ್ ಎಂಬ ಗುಳಿಗೆ ಬಂದಿತು. ಯುರೋಪಿನಲ್ಲಿ 2006ರಲ್ಲಿ ಅನುಮತಿ ಸಿಕ್ಕಿತು, ತೂಕವೂ ಇಳಿಯಿತು. ಜೊತೆಗೆ ಅನೇಕರ ಮನಸ್ಸು ಕುಗ್ಗಿತು, ಆತ್ಮಹತ್ಯೆಯ ಯೋಚನೆಗಳು ಕಂಡುಬಂದವು. 2008ರಲ್ಲಿ ಗುಳಿಗೆಯನ್ನು ಹಿಂತೆಗೆದುಕೊಂಡರು. ಉಣ್ಣುವ ಆಸೆಯೂ ಮನಸ್ಸಿನ ನೆಮ್ಮದಿಯೂ ಒಂದೇ ಜಾಗದಲ್ಲಿ ಹೆಣೆದುಕೊಂಡಿವೆಯೆಂದು ಇದರಿಂದ ನನಗೆ ತಿಳಿಯಿತು. ತಿನ್ನುವುದನ್ನು ಬಿಟ್ಟ ಅಣ್ಣನಿಗೆ ಏಕೆ ಅಷ್ಟು ಬೇಸರವಾಗಿತ್ತೆಂಬುದೂ ಸ್ವಲ್ಪ ಅರ್ಥವಾಯಿತು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತು. ಗಾಂಜಾ ಸೇವಿಸುವವರಿಗೆ ಶಸ್ತ್ರಕ್ರಿಯೆಯ ಅನಂತರ ತೂಕ ಇಳಿಯುವುದೇ ಇಲ್ಲವೆಂದು ಯಾರಾದರೂ ಹೆದರಿಸಿದರೆ ಅದು ಸರಿಯಲ್ಲ. ವಿದೇಶದ ಕೆಲವು ಅಧ್ಯಯನಗಳಲ್ಲಿ ಸೇವಿಸುವವರಿಗೂ ಸೇವಿಸದವರಿಗೂ ಮೊದಲ ವರ್ಷಗಳ ತೂಕದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಅಪಾಯ ತೂಕದ ತಕ್ಕಡಿಯಲ್ಲಷ್ಟೇ ಇದ್ದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಅಣ್ಣನ ಮನೆಯಲ್ಲಿ ನಡೆದದ್ದು

ಶಸ್ತ್ರಕ್ರಿಯೆಯಾಗಿ ಆರು ವಾರಗಳಾದ ಮೇಲೆ ಗುಳಿಗೆ ಆರಂಭವಾಯಿತು. ರಾತ್ರಿ ಒಂದು, ಕೆಲವೊಮ್ಮೆ ಎರಡು. ಸೇದಿದ ಗಾಂಜಾ ನಿಮಿಷಗಳಲ್ಲಿ ಏರುತ್ತದೆ. ತಿಂದ ಭಂಗಿ ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಸುಮ್ಮನಿದ್ದು, ಯಕೃತ್ತಿನಲ್ಲಿ ಇನ್ನೂ ಪ್ರಬಲವಾದ ರೂಪ ತಾಳಿ ಆಮೇಲೆ ಎದ್ದುಬರುತ್ತದೆ. "ಏನೂ ಆಗಲಿಲ್ಲ" ಎಂದು ಎರಡನೆಯ ಗುಳಿಗೆ ನುಂಗುವವರು ಕೆಡುವುದು ಇಲ್ಲಿಯೇ. ಜಠರ ಕರುಳುಗಳ ದಾರಿಯನ್ನೇ ಬದಲಿಸಿದ ದೇಹದಲ್ಲಿ ಅದು ಯಾವಾಗ, ಎಷ್ಟು ರಕ್ತಕ್ಕೆ ಸೇರುತ್ತದೆಂಬುದನ್ನು ಹಳೆಯ ಅನುಭವದಿಂದ ಲೆಕ್ಕಹಾಕಲಾಗದು.

ಗುಳಿಗೆಯಿಂದ ನಿದ್ರೆ ಬಂತು, ಮನಸ್ಸು ಹಗುರವಾಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮಲಗುವ ಮುನ್ನ ಹಸಿವೂ ಬಂತು. ಗಂಜಿ, ಬೇಳೆಕಟ್ಟು, ಮೆತ್ತನೆಯ ಅನ್ನ ಎಂಬ ಪಥ್ಯದ ಪಟ್ಟಿಯನ್ನು ಮೀರಿ ಅವಲಕ್ಕಿ, ಚಪಾತಿ ಆಯಿತು. ಲೋಟದಷ್ಟು ಜಾಗದಲ್ಲಿ ಅದು ನಿಲ್ಲಲಿಲ್ಲ. ವಾಂತಿ ಶುರುವಾಯಿತು, ದಿನಕ್ಕೊಮ್ಮೆ, ಆಮೇಲೆ ಎರಡು ಮೂರು ಸಲ. ಜೀವಸತ್ವದ ಮಾತ್ರೆಗಳೂ ವಾಂತಿಯೊಡನೆಯೇ ಹೋಗುತ್ತಿದ್ದವು. ಕೊನೆಗೆ ಅವನ್ನು ಬಿಟ್ಟೇಬಿಟ್ಟರು. ಭಂಗಿಯ ಮಾತು ಬಾಯಿಬಿಟ್ಟರೆ ಬೈಯುತ್ತಾರೆಂದು ವೈದ್ಯರ ಬಳಿಗೂ ಹೋಗಲಿಲ್ಲ. ಮೂರು ವಾರ ಹೀಗೇ ಕಳೆಯಿತು.

ಒಂದು ಭಾನುವಾರ ಬೆಳಿಗ್ಗೆ ನಾನು ಅವರ ಮನೆಗೆ ಹೋದಾಗ ಅಣ್ಣ ಸ್ನಾನದ ಮನೆಯಿಂದ ಗೋಡೆ ಹಿಡಿದು ಬರುತ್ತಿದ್ದರು. ಕಾಲುಗಳನ್ನು ಅಗಲಿಸಿ ಇಡುತ್ತಿದ್ದರು. ನನ್ನನ್ನು ಕಂಡು ತಮ್ಮ ಮಗನ ಹೆಸರಿನಿಂದ ಕರೆದರು. ಕಣ್ಣುಗುಡ್ಡೆಗಳು ಒಂದೆಡೆ ನಿಲ್ಲದೆ ಸಣ್ಣಗೆ ನಡುಗುತ್ತಿದ್ದವು. ನಾನು ಅತ್ತಿಗೆಯ ಮುಖ ನೋಡಿದೆ. "ಏನೂ ಇಲ್ರಿ, ರಾತ್ರಿ ಆ ಗುಳಿಗಿ ತಗೊಂಡಾರ. ಅದರ ಅಮಲ ಇನ್ನೂ ಇಳಿದಿಲ್ಲ. ಮಧ್ಯಾಹ್ನಕ್ಕ ಸರಿ ಆಗ್ತಾರ" ಎಂದರು. ನಾನೂ ಹಾಗೆಯೇ ತಿಳಿದೆ. ಬೇಸರದಿಂದ ಎರಡು ಮಾತು ಆಡಿ, ಚಹಾ ಕುಡಿದು ಮನೆಗೆ ಬಂದೆ. ನನ್ನ ಜೀವನದಲ್ಲಿ ಇಷ್ಟು ದೊಡ್ಡ ತಪ್ಪನ್ನು ಇಷ್ಟು ಸಲೀಸಾಗಿ ನಾನು ಮತ್ತೆಂದೂ ಮಾಡಿಲ್ಲ.

ಸೋಮವಾರವೂ ಅಮಲು ಇಳಿಯಲಿಲ್ಲ. ರಾತ್ರಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ದೆವು. ಭಂಗಿಯ ಮಾತು ಕೇಳಿದೊಡನೆ ಅಲ್ಲಿಯೂ ಮೊದಲು ಇದನ್ನು ಅಮಲೆಂದೇ ಬರೆದುಕೊಂಡರು. ರಾತ್ರಿಪಾಳಿಯ ಕಿರಿಯ ವೈದ್ಯೆಯೊಬ್ಬರು ಮಾತ್ರ ಹೊಟ್ಟೆಯ ಮೇಲಿನ ಹೊಲಿಗೆಯ ಗುರುತುಗಳನ್ನು ನೋಡಿ, "ವಾಂತಿ ಎಷ್ಟು ದಿನದಿಂದ?" ಎಂದು ಕೇಳಿದರು. ಉತ್ತರ ಕೇಳಿದವರೇ ಗ್ಲೂಕೋಸ್ ಬಾಟಲಿಯನ್ನು ತಡೆದು, ಮೊದಲು ಥಯಮಿನ್ ಸೂಜಿಯನ್ನು ರಕ್ತನಾಳಕ್ಕೆ ಕೊಡಿಸಿದರು.

ಥಯಮಿನ್ ಎಂದರೆ ಬಿ-1 ಜೀವಸತ್ವ. ದೇಹದಲ್ಲಿ ಇದರ ದಾಸ್ತಾನು ಬಹಳ ಚಿಕ್ಕದು. ಸುಮಾರು 30 ಮಿಲಿಗ್ರಾಮು. ಒಳಕ್ಕೆ ಬರುವುದು ನಿಂತರೆ ಎರಡು ಮೂರು ವಾರಗಳಲ್ಲಿ ಬರಿದಾಗುತ್ತದೆ. ಮಿದುಳು ಸಕ್ಕರೆಯನ್ನು ಉರಿಸಿ ಶಕ್ತಿ ಪಡೆಯಬೇಕಾದರೆ ಇದು ಬೇಕೇಬೇಕು. ಇದಿಲ್ಲದೆ ಮಿದುಳಿನ ಕೆಲವು ಭಾಗಗಳು ಕೆಡತೊಡಗುವ ಸ್ಥಿತಿಯನ್ನು ಕಾರ್ಲ್ ವೆರ್ನಿಕೆ ಎಂಬ ಜರ್ಮನ್ ವೈದ್ಯನು 1881ರಲ್ಲಿ ವರ್ಣಿಸಿದನು. ಬುದ್ಧಿಯ ಗೊಂದಲ, ತೂರಾಡುವ ನಡಿಗೆ, ಕಣ್ಣಿನ ಚಲನೆಯ ದೋಷ, ಈ ಮೂರು ಅದರ ಲಕ್ಷಣ. ಮೂರೂ ಒಟ್ಟಿಗೆ ಎಲ್ಲರಲ್ಲಿಯೂ ಕಾಣುವುದಿಲ್ಲ. ಹಿಂದೆ ಇದು ಹೆಚ್ಚಾಗಿ ಕುಡುಕರ ರೋಗವೆನಿಸಿತ್ತು. ತೂಕದ ಶಸ್ತ್ರಕ್ರಿಯೆಯ ಅನಂತರ ವಾಂತಿ ಮಾಡಿಕೊಳ್ಳುವವರಲ್ಲಿ, ವಿಶೇಷವಾಗಿ ಮೊದಲ ಮೂರು ತಿಂಗಳುಗಳಲ್ಲಿ, ಈಗ ವೈದ್ಯರು ಇದನ್ನು ಎದುರುನೋಡುತ್ತಾರೆ. ಥಯಮಿನ್ ಇಲ್ಲದವರಿಗೆ ಬರಿಯ ಗ್ಲೂಕೋಸ್ ಏರಿಸಿದರೆ ಉಳಿದ ಚೂರೂ ಖರ್ಚಾಗಿ ಸ್ಥಿತಿ ಬಿಗಡಾಯಿಸಬಹುದು. ತಡವಾದರೆ ಹೊಸದೇನನ್ನೂ ನೆನಪಿಟ್ಟುಕೊಳ್ಳಲಾಗದ ಸ್ಥಿತಿ ಶಾಶ್ವತವಾಗಿ ಉಳಿಯುತ್ತದೆ, ಪ್ರಾಣವೂ ಹೋಗಬಹುದು.

ಗೊಂದಲ, ತೂರಾಟ, ವಿಚಿತ್ರ ನೋಟ. ಇವುಗಳಲ್ಲಿ ಭಂಗಿಯ ಅಮಲಿನಂತೆ ಕಾಣದ್ದು ಯಾವುದು ಹೇಳಿ? ಭಂಗಿಯೇ ಅಣ್ಣನ ಮಿದುಳನ್ನು ಕೆಡಿಸಿತೆಂದು ಯಾವ ವೈದ್ಯರೂ ನಮಗೆ ಹೇಳಲಿಲ್ಲ. ವಾಂತಿಗೆ ಅವಸರದ ಊಟವೂ ಕಾರಣವಿರಬಹುದು, ಹೊಲಿಗೆಯ ಬಳಿಯ ಊತವೂ ಇರಬಹುದು ಎಂದರು. ಆದರೆ ಭಂಗಿಯೊಂದು ಮನೆಯಲ್ಲಿ ಇದ್ದುದರಿಂದ ನಾವೆಲ್ಲರೂ ಬೇರೆ ಕಾರಣವನ್ನು ಹುಡುಕಲಿಲ್ಲ. ಎರಡು ದಿನ ವ್ಯರ್ಥವಾಯಿತು.

ಗಾಂಜಾದಿಂದಲೇ ವಾಂತಿ ಬರುವ ಇನ್ನೊಂದು ಕಾಯಿಲೆಯೂ ಉಂಟು. ವರ್ಷಗಟ್ಟಲೆ ಹೆಚ್ಚಾಗಿ ಸೇವಿಸಿದ ಕೆಲವರಲ್ಲಿ ಬಿಟ್ಟುಬಿಟ್ಟು ತಡೆಯಲಾರದ ವಾಂತಿ ಬರುತ್ತದೆ. ಬಿಸಿನೀರು ಸುರಿದುಕೊಂಡರೆ ಮಾತ್ರ ಶಮನವೆನಿಸುತ್ತದೆ. ಆಸ್ಟ್ರೇಲಿಯದ ವೈದ್ಯರು ಇದನ್ನು 2004ರಲ್ಲಿ ಮೊದಲಬಾರಿ ವಿವರಿಸಿದರು. ಹಳೆಯ ಸೇವನೆಯುಳ್ಳವರು ಶಸ್ತ್ರಕ್ರಿಯೆಯ ಅನಂತರವೂ ಮುಂದುವರಿಸಿದರೆ, ವಾಂತಿ ಹೊಲಿಗೆಯಿಂದಲೋ ಗಿಡದಿಂದಲೋ ಎಂದು ಬಿಡಿಸುವುದೇ ಕಷ್ಟ.

ಸೇದುವವರಿಗೆ ಮತ್ತೊಂದು ತೊಡಕು. ನಮ್ಮಲ್ಲಿ ಗಾಂಜಾವನ್ನು ಬಹುಮಟ್ಟಿಗೆ ತಂಬಾಕಿನೊಡನೆ ಬೆರೆಸಿಯೇ ಸೇದುತ್ತಾರೆ. ಬೈಪಾಸ್ ಮಾಡಿಸಿಕೊಂಡವರಲ್ಲಿ ತಂಬಾಕಿನ ಹೊಗೆ ಜೋಡಣೆಯ ಜಾಗದಲ್ಲಿ ಹುಣ್ಣು ತರುತ್ತದೆಂಬುದು ಚೆನ್ನಾಗಿ ಗೊತ್ತಿರುವ ಸಂಗತಿ. ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಯುಳ್ಳವರು ನಿದ್ರೆಮಾತ್ರೆಯೊಡನೆ ಇದನ್ನು ಬೆರೆಸುವುದಂತೂ ಆಗಲೇಬಾರದು.

ಹೇಳುವುದು ಯಾರಿಗೆ?

ವೈದ್ಯರಿಗೆ, ಶಸ್ತ್ರಕ್ರಿಯೆಗೆ ಮುಂಚೆಯೇ. ನಿತ್ಯ ಗಾಂಜಾ ಸೇವಿಸುವವರಿಗೆ ಅರಿವಳಿಕೆಯ ಔಷಧಿ ಹೆಚ್ಚು ಬೇಕಾಗಬಹುದು, ಎಚ್ಚರವಾದ ಮೇಲೆ ನೋವೂ ಹೆಚ್ಚಿರಬಹುದು. ಅಮೆರಿಕೆಯ ಅರಿವಳಿಕೆ ತಜ್ಞರ ಸಂಘವೊಂದು 2023ರಲ್ಲಿ ಹೊರಡಿಸಿದ ಸೂಚನೆಯಲ್ಲಿ, ಶಸ್ತ್ರಕ್ರಿಯೆಗೆ ಬರುವ ಪ್ರತಿಯೊಬ್ಬರನ್ನೂ ಈ ವಿಷಯವಾಗಿ ವಿಚಾರಿಸಬೇಕೆಂದಿದೆ. ನಮ್ಮವರು ಸಕ್ಕರೆ ರೋಗದ ವಿಷಯ ಹತ್ತು ನಿಮಿಷ ಹೇಳುತ್ತಾರೆ; ಇದನ್ನು ನುಂಗಿಕೊಳ್ಳುತ್ತಾರೆ. ಕಾನೂನಿನ ಭಯವೂ ಅದಕ್ಕೆ ಕಾರಣ.

ಆ ಕಾನೂನನ್ನೂ ಸ್ವಲ್ಪ ನೋಡೋಣ; ಕಾಯಿದೆಯ ಪುಸ್ತಕ ಓದುವುದು ಬ್ಯಾಂಕಿನವರ ಹಳೆಯ ಚಟ. 1985ರ ಮಾದಕವಸ್ತುಗಳ ಕಾಯಿದೆಯಲ್ಲಿ ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯಿಂದ ಬೇರೆಯಾದ ಎಲೆ ಮತ್ತು ಬೀಜ ಆ ವ್ಯಾಖ್ಯೆಗೆ ಸೇರುವುದಿಲ್ಲ. ಹೀಗಾಗಿ ಭಂಗಿ ರಾಜ್ಯಗಳ ಅಬಕಾರಿ ಕಾನೂನಿಗೆ ಬಿಟ್ಟದ್ದು. ಕಾಶಿಯಲ್ಲಿ ಪರವಾನಗಿ ಅಂಗಡಿಯಿರುವುದು ಅದರಿಂದಲೇ. ಆದರೆ ನಾವಿರುವ ಮಹಾರಾಷ್ಟ್ರದಲ್ಲಿ 1949ರ ಪಾನನಿರೋಧ ಕಾಯಿದೆಯ ವ್ಯಾಪ್ತಿಗೆ ಭಂಗಿಯೂ ಬರುತ್ತದೆ. ಅಲ್ಲಿ ಕೊಂಡದ್ದನ್ನು ಇಲ್ಲಿಗೆ ತಂದರೆ ತಪ್ಪಾಗುತ್ತದೆ. ಗಾಂಜಾ ಸೇವನೆಗೆ ಮೊದಲಿನ ಕಾಯಿದೆಯ 27ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆ, ಹತ್ತು ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ಅದೇ ಕಾಯಿದೆಯ 64ಎ ಕಲಮು ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿದೆ: ಚಟಕ್ಕೆ ಸಿಕ್ಕಿದವನು ತಾನಾಗಿಯೇ ಸರಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಬಂದರೆ ಸೇವನೆಯ ಮೊಕದ್ದಮೆಯಿಂದ ರಕ್ಷಣೆಯಿದೆ. ರೋಗಿಯ ಗುಟ್ಟನ್ನು ಕಾಯುವುದು ವೈದ್ಯರ ವೃತ್ತಿಧರ್ಮವೂ ಹೌದು. ಅಮೆರಿಕೆಯ ಹಲವು ರಾಜ್ಯಗಳಲ್ಲಿ ಈಗ ಗಾಂಜಾ ಅಂಗಡಿಯಲ್ಲಿ ಸಿಗುತ್ತದೆ. ಅಲ್ಲಿರುವ ನಮ್ಮ ಮಕ್ಕಳಿಗೆ ಕಾನೂನಿನ ಭಯವಿಲ್ಲದಿರಬಹುದು. ಥಯಮಿನ್ ಲೆಕ್ಕ ಮಾತ್ರ ಅಲ್ಲಿಯೂ ಇದೇ.

ಮನೆಯವರಿಗೆ ನನ್ನದೊಂದೇ ಬೇಡಿಕೆ. ತೂಕದ ಶಸ್ತ್ರಕ್ರಿಯೆಯಾದವರಿಗೆ ವಾಂತಿ ಎರಡು ಮೂರು ದಿನ ನಿಲ್ಲದಿದ್ದರೆ, ಅಥವಾ ನಡಿಗೆ, ನೋಟ, ಮಾತು ಬದಲಾದರೆ, ಅವರು ಹಿಂದಿನ ರಾತ್ರಿ ಏನೇ ತಿಂದಿರಲಿ, ಕುಡಿದಿರಲಿ, ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ. ಶಸ್ತ್ರಕ್ರಿಯೆಯಾಗಿದೆಯೆಂಬುದನ್ನೂ ವಾಂತಿ ಎಷ್ಟು ದಿನದಿಂದ ಎಂಬುದನ್ನೂ ಕೇಳುವ ಮೊದಲೇ ಹೇಳಿರಿ. ಭಂಗಿಯ ಮಾತನ್ನೂ ಮುಚ್ಚಿಡಬೇಡಿರಿ. ಆದರೆ ಅದನ್ನು ಕೇಳಿದವರು ಅಷ್ಟಕ್ಕೇ ನಿಂತರೆ, ಥಯಮಿನ್ ವಿಷಯ ನೀವೇ ಕೇಳಿರಿ. ನಮ್ಮನ್ನು ಯಾರೂ ಒರಟೆನ್ನುವುದಿಲ್ಲ.

ದಣಿವಿನ ಪ್ರಶ್ನೆ ಉಳಿಯಿತು. ಅದಕ್ಕೆ ಔಷಧಿಯಂಗಡಿಯಲ್ಲಿ ಸುಲಭದ ಉತ್ತರವಿಲ್ಲ. ಶಸ್ತ್ರಕ್ರಿಯೆಗೆ ಮುಂಚೆ ಮನೋವೈದ್ಯರ ಜೊತೆ ಒಂದು ಭೇಟಿ ಮಾಡಿಸುತ್ತಾರೆ. ಅಣ್ಣ ಅದನ್ನು ಐದು ನಿಮಿಷದಲ್ಲಿ ಮುಗಿಸಿ ಸಹಿ ಪಡೆದುಬಂದಿದ್ದರು. ಎರಡನೆಯ ಸಲ ಹೋದಾಗ ಆ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಊಟದ ಹೊರತು ನಿಮಗೆ ಸಂತೋಷ ಕೊಡುತ್ತಿದ್ದುದು ಏನು?" ಎಂದು. ಅಣ್ಣ ಬಹಳ ಹೊತ್ತು ಯೋಚಿಸಿ, ಧಾರವಾಡದಲ್ಲಿದ್ದಾಗ ತಬಲಾ ಕಲಿಯುತ್ತಿದ್ದೆ ಎಂದರಂತೆ.

ಅವರು ಬದುಕಿದರು. ನಡಿಗೆ ಎರಡು ತಿಂಗಳಲ್ಲಿ ಬಹುಮಟ್ಟಿಗೆ ಸರಿಹೋಯಿತು. ಮೆಟ್ಟಿಲಿಳಿಯುವಾಗ ಈಗಲೂ ಕಂಬಿ ಹಿಡಿಯುತ್ತಾರೆ. ಹೊಸ ಹೆಸರುಗಳು ನೆನಪಿನಲ್ಲಿ ಬೇಗ ನಿಲ್ಲವು. ತೂಕ 84 ಕಿಲೋಗ್ರಾಮಿಗೆ ಬಂದಿದೆ, ಸಕ್ಕರೆಯ ಮಾತ್ರೆ ನಿಂತಿದೆ. ಶಸ್ತ್ರಕ್ರಿಯೆ ಮಾಡಿಸಿಕೊಂಡುದಕ್ಕೆ ಅವರಿಗೆ ಪಶ್ಚಾತ್ತಾಪವಿಲ್ಲ. ಗುರುವಾರ ಸಂಜೆ ಸಂಘದ ಭಜನೆಯಲ್ಲಿ ಮೂಲೆಯಲ್ಲಿ ತಬಲಾ ಇಟ್ಟುಕೊಂಡು ಕೂರುವವರು ಅವರೇ. ಅವರ ಪಾಕೀಟಿನಲ್ಲಿ ರೇಲ್ವೆ ಪಾಸಿನ ಹಿಂದೆ ಅತ್ತಿಗೆ ಬರೆದಿಟ್ಟ ಒಂದು ಚೀಟಿಯಿದೆ: ಶಸ್ತ್ರಕ್ರಿಯೆಯ ಹೆಸರು, ನಡೆದ ತಾರೀಖು, ಕೆಳಗೆ ಕೆಂಪು ಶಾಯಿಯಲ್ಲಿ, ಗ್ಲೂಕೋಸಿಗೆ ಮೊದಲು ಥಯಮಿನ್ ಕೊಡಿ.